ಕೂರದ ಶಾಟ್

ಅಕ್ಕತಂಗಿಯರ ನಡುವಿನ ವಿಷಯಕ್ಕೆ ಮೂರನೆಯವರು ಬಾಯಿ ಹಾಕಬಾರದು. ಹೇಳಲೋ ಬೇಡವೋ ಎಂದು ಹಿಂದೆಮುಂದೆ ನೋಡಿಯೇ ಹೇಳುತ್ತಿರುವುದು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಇಬ್ಬರೂ ಸೇರಿ ವಿಡಿಯೊ ಮಾಡಿಕೊಡುತ್ತಾರೆ. ಕುರ್ಚಿ ಮಾಡುವ ಬಡಗಿಯೊಬ್ಬರು ತಮ್ಮ ಅಂಗಡಿಗೊಂದು ಬೇಕೆಂದರು. ಯಾರಿಗೆ ತೋರಿಸುತ್ತೀರಿ, ಏನು ಹೇಳಬೇಕು ಎಂದು ಅಕ್ಕ ಅವರನ್ನು ಕೆದಕಿ ಕೆದಕಿ ಕೇಳಿ, ಯಾವ ಮಾತಿಗೆ ಯಾವ ದೃಶ್ಯ ಎಂದು ಬರೆದುಕೊಟ್ಟಳು. ಕ್ಯಾಮೆರಾ ತಂಗಿಯದು. ಎಡಿಟಿಂಗ್ ಮತ್ತೆ ಅಕ್ಕನದೇ.

ಅಕ್ಕ ಹೇಳಿದ್ದನ್ನೆಲ್ಲ ತಂಗಿ ಚಿತ್ರೀಕರಿಸಿದಳು. ಸಾಲದ್ದಕ್ಕೆ, ಲೈಟು ಬಿಚ್ಚುವ ಹೊತ್ತಿಗೆ, ಮರ ಹೆರೆಯುವ ಉಜ್ಜುಗೊರಡಿನ ಬಾಯಿಂದ ಮರದ ಸಿಪ್ಪೆ ಸುರುಳಿಯಾಗಿ ಏಳುವುದನ್ನು ಕಿಟಕಿಯ ಬಿಸಿಲಲ್ಲಿ ಹಿಡಿದುಬಿಟ್ಟಳು. ಪುಟ್ಟ ಪರದೆಯಲ್ಲಿ ಅದನ್ನು ನೋಡಿದ ಬಡಗಿ, "ಇದನ್ನ ದಿನಾ ಗುಡಿಸಿ ಹಾಕ್ತಿದ್ದೆನಲ್ಲಮ್ಮಾ" ಎಂದು ಬೆರಗಾದರು. ಆಮೇಲೆ ಫೋನ್ ಮಾಡಿದಾಗಲೆಲ್ಲ ತಂಗಿಯದೇ ಗುಣಗಾನ.

ಅಕ್ಕ ಒಳಗೊಳಗೇ ಕುದಿದಳು. ಚಿಕ್ಕಂದಿನಿಂದ ಇದೇ ಹಾಡು. ನೆಂಟರು ಬರುವ ಮೊದಲು ಮನೆಯೆಲ್ಲ ಒರೆಸಿಟ್ಟವಳು ಇವಳು. ಬಾಗಿಲು ತೆರೆದು ನಕ್ಕು ಹೊಗಳಿಸಿಕೊಂಡವಳು ಅವಳು.

ಆ ಶಾಟ್‌ಗೆ ಎಡಿಟಿಂಗಿನಲ್ಲಿ ಮೊದಲು ಹೊಳೆದ ಜಾಗ ಬಡಗಿಯ ಒಂದು ಮಾತಿನ ಮೇಲೆ: ಅವರು ಮಾಡಿದ ಮೊದಲ ಕುರ್ಚಿಯಲ್ಲಿ ಕೂರಲು ಅವರಮ್ಮ ಹೆದರಿದ ಕಥೆ. ಅಕ್ಕ ಶಾಟ್ ಇಟ್ಟು ನೋಡಿದಳು. ಕಣ್ಣು ಸುರುಳಿಯ ಹಿಂದೆ ಹೋಯಿತು, ಮಾತು ಕಿವಿಗೆ ಬೀಳಲಿಲ್ಲ. ಕಿತ್ತು ನೋಡಿದಳು, ಬಡಗಿಯ ಮುಖ, ತಡೆದುಕೊಂಡ ನಗು ಕಂಡಿತು. ಇದೇ ಸರಿ ಅನ್ನಿಸಿತು. ಆದರೆ ಸರಿ ಅನ್ನಿಸುವ ಮೊದಲೇ, ಕಿತ್ತ ಕೂಡಲೇ, ತನಗೆ ಖುಷಿಯಾಗಿತ್ತು ಎಂಬುದೂ ಗೊತ್ತಾಯಿತು. ಬೇರೆಲ್ಲಾದರೂ ಸೇರಿಸಬಹುದಿತ್ತು. ಸೇರಿಸಲಿಲ್ಲ.

ವಿಡಿಯೊ ತೋರಿಸಿದ ದಿನ ಅಮ್ಮನ ಕಥೆ ಬಂದಾಗ ಬಡಗಿ ಕನ್ನಡಕ ತೆಗೆದು ಒರೆಸಿಕೊಂಡರು. ಸುರುಳಿಯ ಬಗ್ಗೆ ಕೇಳಲೇ ಇಲ್ಲ. ಕೇಳಿದವಳು ತಂಗಿ, ಮೆಟ್ಟಿಲಿಳಿಯುವಾಗ.

"ಅಕ್ಕಾ, ನನ್ನ ಸುರುಳಿ ಎಲ್ಲಿ?"

"ಕೂರಲಿಲ್ಲ."

ಜಗಳಕ್ಕೆ ಬೇಕಾದ ಮಾತನ್ನೆಲ್ಲ ಅಕ್ಕ ನಾಲಿಗೆಯ ತುದಿಯಲ್ಲಿ ಜೋಡಿಸಿಟ್ಟುಕೊಂಡಿದ್ದಳು. ತಂಗಿ ಮೆಟ್ಟಿಲಿಳಿಯುತ್ತಲೇ ಹೇಳಿದಳು.

"ಅದಿದ್ದಿದ್ರೆ ಅವರ ಮುಖ ಕಾಣ್ತಿರಲಿಲ್ಲ ಬಿಡು. ನಿಂಗೆ ಅದು ಹೇಗೆ ಗೊತ್ತಾಗುತ್ತೋ. ನಿನ್ನ ನೋಡಿದ್ರೆ ನಂಗೆ ಹೊಟ್ಟೆ ಉರಿಯುತ್ತೆ."



ಆ ಶಾಟನ್ನು ಅವಳು ಇನ್ನೂ ಅಳಿಸಿಲ್ಲ. ಆಗಾಗ ಸೇರಿಸಿ ನೋಡುತ್ತಾಳೆ, ಮತ್ತೆ ಕೀಳುತ್ತಾಳೆ. ಇಲ್ಲದಿದ್ದರೇ ಚೆನ್ನ, ಪ್ರತಿ ಸಲವೂ. ಆದರೆ ಅದನ್ನು ಬೇರೆ ಯಾರೋ ಹಿಡಿದಿದ್ದರೆ ಎಲ್ಲಾದರೂ ಒಂದು ಜಾಗ ಹುಡುಕುತ್ತಿದ್ದಳೇ ಎಂಬುದು ಅವಳಿಗೂ ಗೊತ್ತಿಲ್ಲ, ಇದನ್ನು ಹೇಳುತ್ತಿರುವವರಿಗೂ ಗೊತ್ತಿಲ್ಲ.