ಗುಡ್ಡದ ಮನೆಗೆ ಇಬ್ಬರು

ಕಮಲಾಪುರದ ಆ ಮನೆಯನ್ನು ಮೊದಲು ಕಂಡವಳು ಭುವನೇಶ್ವರಿ. ಇದನ್ನು ಅವಳು ಮರೆಯಲೂ ಇಲ್ಲ, ಬೇರೆಯವರು ಮರೆಯಲು ಬಿಡಲೂ ಇಲ್ಲ.

ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಮೂರನೆಯ ಮಹಡಿಯ ಬಾಡಿಗೆ ಮನೆ ಅವಳದು. ಬೇಸಿಗೆ ಬಂತೆಂದರೆ ತಲೆಯ ಮೇಲಿನ ಛತ್ತು ರೊಟ್ಟಿ ಬೇಯಿಸುವ ಹಂಚಿನ ಹಾಗೆ ಕಾಯುತ್ತಿತ್ತು. ಅಂಥದೊಂದು ಬೇಸಿಗೆಯಲ್ಲಿ ಕಮಲಾಪುರಕ್ಕೆ ಮದುವೆಗೆ ಹೋದ ಗಂಡ ಹೆಂಡತಿ, ಊಟ ಮುಗಿಸಿ ಸುಮ್ಮನೆ ಗುಡ್ಡದ ಕಡೆ ಕಾರು ತಿರುಗಿಸಿದರು. ಕೆಂಪು ಮಣ್ಣಿನ ಏರುದಾರಿ. ಎರಡೂ ಬದಿಗೆ ಬೇವು, ಹೊಂಗೆ, ಕಲ್ಲಿನ ಸಂದಿಯಲ್ಲೆಲ್ಲ ಸೀತಾಫಲದ ಗಿಡ. ಒಂದಷ್ಟು ಮನೆಗಳು ಮರಗಳ ನಡುವೆ ಮುಖ ಮಾತ್ರ ತೋರಿಸಿಕೊಂಡು ಕೂತಿದ್ದವು. ಅವುಗಳಲ್ಲಿ ಒಂದರ ಗೇಟಿಗೆ 'ಮನೆ ಮಾರಾಟಕ್ಕಿದೆ' ಎಂಬ ಹಲಗೆ ತೂಗುತ್ತಿತ್ತು.

ಮನೆಯ ಯಜಮಾನ ಕಲ್ಯಾಣಪ್ಪನವರಿಗೆ ಮೊಣಕಾಲು ಹಿಡಿದುಕೊಂಡಿತ್ತು. ಏರು ಹತ್ತಲಾಗದೆ ಬ್ರಹ್ಮಪುರದ ಮಗನ ಮನೆಗೆ ಹೋಗುವವರಿದ್ದರು. ಅಂಗಳದಲ್ಲಿ ಕುರ್ಚಿ ಹಾಕಿಸಿ ಮಜ್ಜಿಗೆ ಕೊಟ್ಟರು. ಕೆಳಗೆ ಬಾಳೆ ತೋಟಗಳು, ಅದರಾಚೆ ಕಪ್ಪು ಹೊಲಗಳು. ಬಿರುಬಿಸಿಲಿನ ಮಧ್ಯಾಹ್ನದಲ್ಲೂ ತೆರೆದ ಬಾಗಿಲಿನಿಂದ ಗಾಳಿ ಸುಳಿದು ಹಿತ್ತಲಿಗೆ ಹೋಗುತ್ತಿತ್ತು. ಭುವನೇಶ್ವರಿ ಕಣ್ಣು ಮುಚ್ಚಿಕೊಂಡು ಕೂತುಬಿಟ್ಟಳು.

ಗಂಡ ಗುರುಪ್ರಸಾದ ಮಾತ್ರ ಮನೆಯನ್ನು ಸುತ್ತು ಹಾಕಿ ಬಂದು ಹೆಂಡತಿಯ ಕಿವಿಯಲ್ಲಿ, "ಬಾಗಲ ದಕ್ಷಿಣಕ್ಕದ. ಊರ ಹೊರಗ ಬ್ಯಾರೆ. ಏಳು ಇನ್ನ," ಎಂದ. ಆಮೇಲೆ ತಿಂಗಳುಗಟ್ಟಲೆ ಅವಳು ಕೇಳಿದಾಗೆಲ್ಲ ಅದೇ ದಕ್ಷಿಣದ ಬಾಗಿಲನ್ನೇ ಮುಂದೆ ತಂದು ನಿಲ್ಲಿಸಿದ.

ಭುವನೇಶ್ವರಿ ಒಂದು ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಅಲ್ಲಿ ಅವಳ ಕೈಕೆಳಗೆ ಪಳಗಿದವಳು ಪಂಚಶೀಲಾ. ಹೊಸದಾಗಿ ಬಂದಾಗ ಸೂಜಿ ಹಿಡಿಯಲು ಅವಳ ಕೈ ನಡುಗುತ್ತಿತ್ತು. ಆ ಕೈಯನ್ನು ಹಿಡಿದು ನರ ಹುಡುಕುವುದನ್ನು ಕಲಿಸಿದ್ದೇ ಭುವನೇಶ್ವರಿ. ಅಂದಿನಿಂದ ಪಂಚಶೀಲಾಗೆ ಅವಳು 'ಅಕ್ಕಾ'. ಇಬ್ಬರೂ ಬುತ್ತಿಯನ್ನು ಒಂದೇ ಮೇಜಿನ ಮೇಲೆ ಬಿಚ್ಚುತ್ತಿದ್ದರು. ಪಂಚಶೀಲಾ ಮತ್ತು ಗಂಡ ಆನಂದಕುಮಾರ ಕುಸನೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದರು. ಸ್ವಂತ ಮನೆ ಹುಡುಕುತ್ತಲೇ ಇದ್ದರು.

ಒಂದು ದಿನ ಊಟದ ಹೊತ್ತಿಗೆ ಪಂಚಶೀಲಾ ಅಂಜುತ್ತಂಜುತ್ತ ಕೇಳಿದಳು, "ಅಕ್ಕಾ, ಆ ಗುಡ್ಡದ ಮನಿ ನೀವು ಬ್ಯಾಡಂತ ಬಿಟ್ರಲ್ಲ. ಹೋದ ಐತವಾರ ನಾವು ನೋಡ್ಕೊಂಡು ಬಂದೀವಿ. ಇವರಿಗಿ ಭಾಳ ಮನಸ್ಸಿಗಿ ಬಂದದ. ನಿಮಗೇನೂ ಬ್ಯಾಸರಿಲ್ಲಲ್ಲ?"

"ನನಗ್ಯಾಕ ಬ್ಯಾಸರ? ತಗೋ," ಎಂದಳು ಭುವನೇಶ್ವರಿ. ತಿನ್ನುತ್ತಿದ್ದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಬುತ್ತಿ ಮುಚ್ಚಿದಳು.

ಆ ದಿನದಿಂದ ಅವಳಿಗೆ ನೆಮ್ಮದಿ ಹೋಯಿತು. ಪಂಚಶೀಲಾ ಫೋನಿನಲ್ಲಿ ಆ ಅಂಗಳದ ಫೋಟೋ ತೋರಿಸುವಳು, ಇಲ್ಲಿ ಮಲ್ಲಿಗೆ ಹಚ್ಚುತ್ತೇವೆ, ಅಲ್ಲಿ ಅತ್ತೆಗೆ ಕಟ್ಟೆ ಕಟ್ಟಿಸುತ್ತೇವೆ ಎನ್ನುವಳು. ಅವಳು ಕಟ್ಟೆ ಎಂದಲ್ಲಿ ಭುವನೇಶ್ವರಿ ಮನಸ್ಸಿನಲ್ಲೇ ಎಂದೋ ಉಯ್ಯಾಲೆ ಹಾಕಿಯಾಗಿತ್ತು. ತನ್ನ ಮನೆಯೊಳಗೆ ಯಾರೋ ಚಪ್ಪಲಿ ಹಾಕಿಕೊಂಡು ತಿರುಗಾಡಿದಂತೆ ಅವಳಿಗೆ ಅನಿಸುತ್ತಿತ್ತು. ನಾನು ಸೂಜಿ ಹಿಡಿಯಲು ಕಲಿಸಿದವಳು ಇವತ್ತು ನನಗಿಂತ ಮೊದಲು ಗುಡ್ಡ ಹತ್ತುವುದೇ? ನಗುತ್ತ ಫೋಟೋ ನೋಡುವಳು, ಮನೆಗೆ ಬಂದು ಪಾತ್ರೆ ಕುಕ್ಕುವಳು.

ಮಾತುಕತೆ ಮುಗಿದು ಖರೀದಿ ಪತ್ರ ಬರೆಸಲು ದಿನ ಗೊತ್ತಾಗುವ ಹೊತ್ತಿಗೆ ಕಲ್ಯಾಣಪ್ಪನವರ ಫೋನು ಬಂತು.

"ತಂಗಿ, ನಿಮ್ಮ ಹೆಸರು ಹೇಳ್ಕೊಂಡು ಬಂದಾರಲ್ಲ, ಆ ಗಂಡ ಹೆಂಡ್ತಿ. ಮಂದಿ ಛಲೋ ಕಾಣಸ್ತಾರ. ಅವರು ಯಾರ ಪೈಕಿ?"

ಅವರು ಕೇಳುತ್ತಿರುವುದೇನೆಂದು ಭುವನೇಶ್ವರಿಗೆ ಗೊತ್ತಿತ್ತು. ಯಾವ ಉತ್ತರಕ್ಕೆ ಏನಾಗುತ್ತದೆ ಎನ್ನುವುದೂ ಗೊತ್ತಿತ್ತು. 'ನಮ್ಮ ಪಂಚಶೀಲಾ, ನನ್ನ ತಂಗಿ ಇದ್ದಂಗ' ಅನ್ನಬಹುದಿತ್ತು. 'ಅದೆಲ್ಲ ಯಾಕ ಬೇಕ್ರಿ ಕಾಕಾ' ಎಂದು ಗದರಿಸಲೂಬಹುದಿತ್ತು. ಆ ಕ್ಷಣಕ್ಕೆ ಅವಳ ಕಣ್ಣ ಮುಂದೆ ಬಂದದ್ದು ಅಂಗಳದ ಆ ಗಾಳಿ.

"ಅವರ ಮನ್ಯಾಗ ಬುದ್ಧ, ಬಾಬಾಸಾಹೇಬರ ಫೋಟೋ ಇಟ್ಟು ದೀಪ ಹಚ್ಚತಾರ್ರಿ ಕಾಕಾ. ಉಳದದ್ದು ನೀವೇ ತಿಳ್ಕೋರಿ," ಎಂದಳು.

"ಹಾಂ, ಆಯ್ತವ್ವ," ಎಂದು ಕಲ್ಯಾಣಪ್ಪ ಫೋನಿಟ್ಟರು.

ವಾರದೊಳಗೆ ಮಾತು ಮುರಿಯಿತು. ಮಗ ಬೇಡ ಅಂತಾನೆ ಎಂದರಂತೆ. ಪಂಚಶೀಲಾ ಅಳಲಿಲ್ಲ. ಗಾಜಿನ ನಳಿಕೆಗಳಿಗೆ ಚೀಟಿ ಅಂಟಿಸುತ್ತಲೇ, "ಹಿಂಗಾಗೋದು ಇದೇ ಮೊದಲಲ್ಲಕ್ಕಾ. ಮಾತು ಇಷ್ಟು ದೂರ ಬಂದದ್ದೇ ಈ ಮನಿ ಒಂದ್ರಾಗ," ಎಂದಳು. ಭುವನೇಶ್ವರಿ ಅವಳ ಬೆನ್ನು ಸವರಿದಳು. ಹಾಗೆ ಸವರುವಾಗಲೂ ಒಳಗೊಳಗೆ ಹಗುರವೆನಿಸಿದ್ದು ಸುಳ್ಳಲ್ಲ.

ಬೇರೊಬ್ಬರು ಆಸೆಪಟ್ಟಿದ್ದರೆಂದು ತಿಳಿದ ಮೇಲೆ ಗುರುಪ್ರಸಾದನಿಗೂ ಆ ಮನೆಯಲ್ಲಿ ಏನೋ ಇದೆ ಅನಿಸತೊಡಗಿತು. "ಬಾಗಲ ಪೂರ್ವಕ್ಕ ಮಾಡ್ಕೊಂಡ್ರಾಯ್ತು ತಗೋ," ಎಂದ. ಹೀಗೆ ಮನೆ ಇವರದಾಯಿತು. ದಕ್ಷಿಣದ ಬಾಗಿಲಿಗೆ ಇಟ್ಟಿಗೆ ಕಟ್ಟಿ ಮುಚ್ಚಿಸಿದರು. ಪೂರ್ವಕ್ಕೆ ದಾರಿ ಬೇಕಲ್ಲ, ಅಡ್ಡ ಬಂದ ದೊಡ್ಡ ಬೇವಿನ ಮರ ಕಡಿಸಿದರು.

ಗೃಹಪ್ರವೇಶಕ್ಕೆ ಪಂಚಶೀಲಾ, ಆನಂದಕುಮಾರ ಇಬ್ಬರೂ ಬಂದರು. ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಿದ್ದಾಗ ಕಲ್ಯಾಣಪ್ಪನವರು ಕೋಲೂರಿಕೊಂಡು ಪಂಚಶೀಲಾಳ ಎದುರು ಬಂದು ನಿಂತರು. ಅವರಿಗೂ ಮನಸ್ಸು ಚುಚ್ಚುತ್ತಿತ್ತೇನೋ.

"ತಪ್ಪು ತಿಳ್ಕೋಬ್ಯಾಡವ್ವ. ನಂದೇನೂ ಇದ್ದಿಲ್ಲ. ನಿಮ್ಮ ಮನ್ಯಾಗಿನ ದೀಪದ ಸುದ್ದಿ ಈ ತಂಗಿ ಹೇಳಿದ ಮ್ಯಾಲೇ ನನ್ನ ಮಗ ಹಟ ಹಿಡದ."

ತುಪ್ಪದ ಗಿಂಡಿ ಹಿಡಿದು ನಿಂತಿದ್ದ ಭುವನೇಶ್ವರಿಯ ಕೈ ಅಲ್ಲೇ ನಿಂತಿತು. ಆನಂದಕುಮಾರ ಎಲೆ ಬಿಟ್ಟು ಏಳಲು ಹೋದ. ಪಂಚಶೀಲಾ ಅವನ ಮೊಣಕೈ ಹಿಡಿದು ಕೂರಿಸಿದಳು. ಎಲೆಯಲ್ಲಿದ್ದ ಹೋಳಿಗೆಯನ್ನು ಸಾವಕಾಶ ಉಂಡು ಮುಗಿಸಿ, ಕೈ ತೊಳೆದು ಬಂದು, "ಮನಿ ಛಲೋ ಅದ್ರಿ, ಮೇಡಂ. ಬರ್ತೀವಿ," ಎಂದಳು.

ಅಕ್ಕಾ ಎನ್ನುವುದು ಅಂದೇ ಕೊನೆಯಾಯಿತು. ಲ್ಯಾಬಿನಲ್ಲಿ ಕೆಲಸದ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಪಂಚಶೀಲಾ ಬುತ್ತಿಯನ್ನು ಕಿಟಕಿಯ ಬಳಿ ಒಬ್ಬಳೇ ಕೂತು ಬಿಚ್ಚತೊಡಗಿದಳು. ಜಗಳವಾಡಿದ್ದರೆ ಭುವನೇಶ್ವರಿ ತಿರುಗಿ ಜಗಳವಾಡಬಹುದಿತ್ತು; ಆ ದಾರಿಯನ್ನೂ ಪಂಚಶೀಲಾ ಬಿಟ್ಟುಕೊಡಲಿಲ್ಲ.

ಗುಡ್ಡದ ಮನೆಯೂ ಎಣಿಸಿದಂತೆ ಆಗಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಗಾಳಿ ಹರಿಯುವುದು ನಿಂತಿತು. ಬೇವಿನ ನೆರಳು ಹೋಗಿ ನಡುಮನೆಯೊಳಗೆ ಮುಂಜಾನೆಯಿಂದಲೇ ಬಿಸಿಲು. ಜೇವರ್ಗಿ ಕಾಲೋನಿಯ ಧಗೆಯನ್ನೇ ಗಂಟು ಕಟ್ಟಿ ತಂದಂತಾಯಿತು.

ಮುಂದಿನ ದೀಪಾವಳಿ ಕಳೆದ ಮೇಲೆ, ಇವರ ಮನೆಗಿಂತ ಮೇಲಿನ ತಿರುವಿನಲ್ಲಿ ಪಾಯ ತೋಡುವ ಸದ್ದು ಕೇಳಿತು. ಆ ಜಾಗ ಯಂಕಪ್ಪ ಎಂಬ ರೈತನದು. ಅವನೇ ಗೇಟಿನ ಬಳಿ ನಿಂತು ಹೇಳಿದ, "ನಿಮ್ಮ ದವಾಖಾನಿ ಪಂಚಶೀಲಾ ಬಾಯಿನೇ ತಗೊಂಡಾರ್ರಿ. ಒಂದು ಗಿಡಾನೂ ಕಡಿಯಂಗಿಲ್ಲ ಅಂತ ಮನಿ ಕಟ್ಟೋ ಗೌಂಡಿಗಿ ಕರಾರು ಮಾಡ್ಯಾರ."

ಅಂದಿನಿಂದ ಭುವನೇಶ್ವರಿಯ ಕಣ್ಣು ಮೇಲಕ್ಕೇ. ರಜೆಯ ದಿನ ಬಟ್ಟೆ ಒಣಹಾಕುವ ನೆಪದಲ್ಲಿ ಛತ್ತು ಹತ್ತಿ, ಗೋಡೆ ಎಷ್ಟು ಎದ್ದಿತೆಂದು ನೋಡುವಳು. ಒಂದು ಸಲ ಗೋಡೆಯ ಮೂಲೆ ಬಿರುಕು ಬಿಟ್ಟಿದೆಯೆಂದು ಗೌಂಡಿ ಕೂಗಾಡಿದ್ದು ಕೇಳಿ, ಆ ದಿನ ಅವಳು ಹಾಡಿಕೊಳ್ಳುತ್ತ ಅಡುಗೆ ಮಾಡಿದಳು. ಗೋಡೆ ಸರಿಹೋಯಿತು. ಹಾಡು ಅಲ್ಲಿಗೇ ನಿಂತಿತು. ಸಂಜೆ ಓಣಿಯ ಹೆಂಗಸರು ಇವಳ ಗೇಟು ದಾಟಿ ಮೇಲಕ್ಕೆ ಹೋಗುವುದು, ಅಲ್ಲಿ ಹುಣಸೆ ಮರದ ಕೆಳಗೆ, ಕಟ್ಟಡ ನೋಡಿಕೊಳ್ಳಲು ಬರುತ್ತಿದ್ದ ಪಂಚಶೀಲಾಳ ಅತ್ತೆ ಪುತಳಾಬಾಯಿ ಚಹಾ ಕೊಟ್ಟು ನಗಿಸುವುದು, ಆ ನಗೆ ಕೆಳಗಿನ ಅಡುಗೆಮನೆಯವರೆಗೆ ಇಳಿದು ಬರುವುದು. ನಗೆ ಕೇಳಿಸದಿರಲೆಂದು ಮಿಕ್ಸರ್ ಹಾಕುತ್ತಿದ್ದಳು.

ಮನೆ ಮುಗಿಯಿತು. ಒಂದು ಮುಂಜಾನೆ ಪಂಚಶೀಲಾ ಸ್ಕೂಟಿ ನಿಲ್ಲಿಸಿ, "ಐತವಾರ ಹೊಸ ಮನಿಗಿ ಹೋಗ್ಲಾಕತ್ತೀವ್ರಿ. ಓಣಿಯವರಿಗೆಲ್ಲ ಹೇಳೀವಿ. ನೀವೂ ಬರ್ರಿ," ಎಂದಳು.

ಗುರುಪ್ರಸಾದ ನಡುನೋವೆಂದು ಉಳಿದ. ಭುವನೇಶ್ವರಿ ಒಬ್ಬಳೇ ಏರು ಹತ್ತಿದಳು. ಕ್ಷಮೆ ಕೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಮನೆ ಸಣ್ಣದು. ಬಾಗಿಲು ದಕ್ಷಿಣಕ್ಕೇ ಇತ್ತು. ಒಳಗೆ ಬುದ್ಧನ ಮುಂದೆ ಬಿಳಿ ಹೂವು, ದೀಪ. ಕಿಟಕಿಯಿಂದ ಗಾಳಿ ಬಂದು ಅವಳ ಸೆರಗನ್ನು ಎತ್ತಿತು. ಜೋಡಿಸಿಕೊಂಡು ಬಂದ ಮಾತೆಲ್ಲ ಆ ಗಾಳಿಗೆ ಹಾರಿಹೋಯಿತು.

"ಈ ಕಿಡಕಿ ಎಲ್ಲಿ ಮಾಡಸೀದಿ?" ಎಂಬ ಮಾತು ಅವಳ ಬಾಯಿಂದ ಬಂತು.

ಪಂಚಶೀಲಾ ಒಂದು ಗಳಿಗೆ ಅವಳನ್ನೇ ನೋಡಿದಳು. ಏನು ಕೇಳಬೇಕಿತ್ತು, ಏನು ಕೇಳುತ್ತಿದ್ದಾಳೆ ಎರಡೂ ಅವಳಿಗೆ ಅರ್ಥವಾದಂತಿತ್ತು.

"ಮೇಡಂ, ಅವತ್ತು ನೀವು ಸುಳ್ಳೇನೂ ಹೇಳಿದ್ದಿಲ್ಲ," ಎಂದಳು ಮೆಲ್ಲಗೆ. "ನಮ್ಮನ್ಯಾಗ ಈ ದೀಪ ದಿನಾ ಹಚ್ಚತೀವಿ. ಅವರು ಕೇಳಿದ್ರ ನಾನೇ ಎದಿ ಮ್ಯಾಲ ಕೈ ಇಟ್ಟು ಹೇಳತಿದ್ದೆ. ನೀವು ಯಾಕ ಹೇಳಿದ್ರಿ ಅನ್ನೋದಷ್ಟೇ ನನಗ ನೋವಾದದ್ದು. ನಿಮಗ ಆ ಮನಿ ಬೇಕಾಗಿತ್ತಂದ್ರ ನನಗೊಂದು ಮಾತು ಅಂದಿದ್ರ ಸಾಕಿತ್ತು. ನಾನೇ ಬಿಟ್ಟುಕೊಡತಿದ್ದೆ."

ಅಷ್ಟರಲ್ಲಿ ಪುತಳಾಬಾಯಿ ಹೊರಗಿನಿಂದ, "ಆ ಬಾಯಿಗಿ ಊಟಕ್ಕ ಕುಂದರಸವ್ವ, ಬಿಸಿ ಅದ," ಎಂದು ಕೂಗಿದಳು. ಪಂಚಶೀಲಾ ತಟ್ಟೆ ತಂದು ಕೊಟ್ಟು, ಬೇರೆ ಅತಿಥಿಗಳ ಕಡೆ ಹೋದಳು. ಮತ್ತೆ ತಿರುಗಿ ಬರಲಿಲ್ಲ.

ಕೆಳಗಿಳಿದು ಬಂದಾಗ ಗುರುಪ್ರಸಾದ ಫ್ಯಾನಿನ ಕೆಳಗೆ ಬೆವರುತ್ತ ಕೂತಿದ್ದ.

"ಹ್ಯಾಂಗದ ಮನಿ?"

ಸಣ್ಣದು ಅನ್ನೋಣವೆಂದುಕೊಂಡಳು. ಏರು ಬಹಳ ಅನ್ನೋಣವೆಂದುಕೊಂಡಳು.

"ನಮ್ಮದರಕಿಂತ ಛಲೋ ಅದ," ಎಂದಳು. ಅಷ್ಟು ಹೇಳುವುದಕ್ಕೇ ಅವಳಿಗೆ ಜೀವ ಹೋದಂತಾಯಿತು. ಗಂಡ ಇನ್ನೇನಾದರೂ ಕೇಳುವ ಮೊದಲು ಒಳಗೆ ಹೋಗಿ, ಮುಖಕ್ಕೆ ತಣ್ಣೀರು ಹಾಕಿಕೊಂಡು, ಬಹಳ ಹೊತ್ತು ಅಲ್ಲೇ ನಿಂತಳು.