ಶಿವರಾಮಣ್ಣ ಬಾರದ ಮೂರು ದಿನ

ಮುಂದಿನ ಲಾರಿಯಿಂದ ತೆಂಗಿನ ನಾರು ಹಾರಿಬಂದು ಹೆಲ್ಮೆಟ್ಟಿನ ಗಾಜಿಗೆ ಅಂಟುತ್ತಿದೆ, ಒರೆಸಿದರೆ ಇನ್ನಷ್ಟು ಮಸುಕು, ಗುಬ್ಬಿ ದಾಟಿಯಾಯಿತು, ಶಿವರಾಮಣ್ಣನ ಊರು ನಿಟ್ಟೂರು ಇನ್ನೆಷ್ಟು ದೂರ, ಮೂರು ದಿನದಿಂದ ಅವರು ಲ್ಯಾಬಿಗೆ ಬಂದಿಲ್ಲ, ಫೋನೂ ಎತ್ತುತ್ತಿಲ್ಲ, ಯಾಕಾದರೂ ಎತ್ತಬೇಕು — ಸೋಮವಾರ ಎಲ್ಲರೆದುರು ನಾನು ಅಂದದ್ದು ನನ್ನ ಕಿವಿಯಲ್ಲೇ ಕೂತಿದೆ, ಕಲಿಯೋ ಮನಸ್ಸಿಲ್ದಿದ್ರೆ ಮನೇಲಿರಿ ಶಿವರಾಮಣ್ಣ, ಹುಡುಗೀರು ಎರಡೇ ದಿನಕ್ಕೆ ಕಲ್ತ್ರು. ಅವರು ಗ್ಲೌಸ್ ಕಳಚಿ, ಆಯ್ತು ಮೇಡಂ, ಅಂದರು. ಮೇಡಂ! ಹನ್ನೊಂದು ವರ್ಷದ ಹಿಂದೆ ತುಮಕೂರಿನ ಇದೇ ಲ್ಯಾಬಿಗೆ ನಾನು ಸೇರಿದಾಗ ರೂಪಮ್ಮ ಅನ್ನುತ್ತಿದ್ದರು, ಸ್ಲೈಡಿನ ಮೇಲೆ ರಕ್ತ ಹರಡಲು ಬಾರದೆ ನಾಲ್ಕು ಗಾಜು ಒಡೆದಾಗಲೂ, ಒಡೀಲಿ ಬುಡು ರೂಪಮ್ಮ, ಇನ್ನೊಂದ್ ತಗೋ — ಐದನೆಯದು ಸರಿಯಾಯಿತು. ಈಗ ನಾನೇ ಇನ್‌ಚಾರ್ಜ್, ರಕ್ತಪರೀಕ್ಷೆಗೆ ಹೊಸ ಯಂತ್ರ, ತಿಂಗಳ ಕೊನೆಯೊಳಗೆ ಎಲ್ಲರೂ ಕಲಿತಿರಬೇಕಂತೆ, ಕಲಿಯದವರ ಹೆಸರು ಬರೆದುಕೊಡಬೇಕಂತೆ ಮಾಲೀಕರಿಗೆ, ಬರೆದಿಟ್ಟಿದ್ದೇನೆ, ಒಂದೇ ಹೆಸರು, ಇನ್ನೂ ಕೊಟ್ಟಿಲ್ಲ, ಕೊಡುತ್ತೇನೋ, ಗೊತ್ತಿಲ್ಲ.

ಮನೆಯ ಬಾಗಿಲು ತೆರೆದಿದೆ, ಅವರ ಹೆಂಡತಿ ಸಿದ್ದಗಂಗಮ್ಮ, ಬನ್ನಿ ಮೇಡಂ, ಒಳಗವ್ರೆ, ಮೂರ್ ದಿನದಿಂದ ಊಟಕ್ಕೂ ಸರ್ಯಾಗಿ ಏಳ್ತಿಲ್ಲ — ಹುಷಾರಿಲ್ಲವೇ, ಚಪ್ಪಲಿ ಬಿಡುವಷ್ಟೂ ತಾಳ್ಮೆಯಿಲ್ಲ, ಒಳಗೆ ಮಂಚದ ಮೇಲೆ ಅವರು, ತೊಡೆಯ ಮೇಲೆ ಹಳೇ ಕ್ಯಾಲೆಂಡರಿನ ಹಾಳೆ, ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ಬಿಡಿಸಿದ ಯಂತ್ರದ ಪರದೆಯ ಚಿತ್ರ, ಪ್ರತಿ ಗುಂಡಿಯೂ ತನ್ನ ಜಾಗದಲ್ಲೇ, ಪಕ್ಕಕ್ಕೆ ಕನ್ನಡದಲ್ಲಿ ಅರ್ಥ, ಒಂದೊಂದನ್ನೇ ಒತ್ತುತ್ತಾ, ಗೊಣಗುತ್ತಾ, ತಪ್ಪಿದರೆ ಮತ್ತೆ ಮೊದಲಿಂದ. ನನ್ನನ್ನು ಕಂಡದ್ದೇ ಹಾಳೆ ಮಗುಚಿದರು. ಎಲ್ಲಾ ಬಾಯಿಪಾಠ ಆಗೈತೆ ಮೇಡಂ, ಯಂತ್ರದ ಮೇಲೆ ಒಂದ್ಸಲ ಒತ್ತಿ ನೋಡ್ಬೇಕು ಅಷ್ಟೇ, ನೀವು ಮುಟ್ಟಕ್ಕೇ ಬುಡ್ಲಿಲ್ವಲ್ಲ. ಬಿಡಲಿಲ್ಲ, ಹೌದು, ಅವರು ಕೈ ಚಾಚಿದಾಗಲೆಲ್ಲ, ತಡೀರಿ ತಡೀರಿ, ಕೆಟ್ಟೋದ್ರೆ ಯಾರು ಜವಾಬ್ದಾರಿ, ಅಂತ ನಾನೇ ಒತ್ತಿದೆ, ಪ್ರತಿ ಸಲವೂ ನಾನೇ, ಆಮೇಲೆ ಕಲಿಯೋ ಮನಸ್ಸಿಲ್ಲ ಅಂದೆ. ನಾಳೆ ಏಳಕ್ಕೇ ಬನ್ನಿ ಶಿವರಾಮಣ್ಣ, ಯಾರೂ ಬರೋಕ್ ಮುಂಚೆ, ನೀವೇ ಒತ್ತಿ, ನಾನು ಕೈ ಕಟ್ಕೊಂಡು ನಿಂತಿರ್ತೀನಿ — ಅಂದೆನೇ, ಅಂದೆ, ಅವರು ತಲೆಯಾಡಿಸಿದರು, ಹಾಗಾದ್ರೆ ಈಗೊಂದ್ಸಲ ತೋರುಸ್ಲಾ, ಹಾಳೆ ತಿರುಗಿಸಿದರು, ಪೆನ್ಸಿಲಿನ ಮಸಿ ಹತ್ತಿದ ಆ ಬೆರಳು, ಮೊದಲ ಗುಂಡಿಯ ಮೇಲೆ ಕೂದಲೆಳೆಯಷ್ಟು ಎತ್ತರದಲ್ಲಿ ನಿಂತು, ನನ್ನ ಮುಖ ನೋಡಿ — ಬರೀ ಕಾಗದ ಒತ್ತುವುದಕ್ಕೂ ನನ್ನ ಅಪ್ಪಣೆಗೆ ಕಾಯುತ್ತಿರುವ ಬೆರಳು, ಆ ಬೆರಳು.