ಟವಲ್ಲಿನ ಕೆಳಗಿನ ಮಾತು

ಜಯಕುಮಾರನಿಗೆ ಊರಿನವರ ಕಣ್ಣೆಂದರೆ ಮೊದಲಿನಿಂದಲೂ ಭಯ. ಮಾಗಡಿಯಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡವನು, ದಿನವಿಡೀ ಗಿರಾಕಿಗಳ ಜೊತೆ ಮಾತಾಡುವವನು. ಆದರೂ ಬೆನ್ನ ಹಿಂದೆ ಯಾರಾದರೂ ನಕ್ಕರೆ ಅಂಗಿ ಎಲ್ಲಿ ಹರಿದಿದೆಯೋ ಎಂದು ತಡವಿಕೊಳ್ಳುತ್ತಿದ್ದ. ಇಂಥವನಿಗೆ ದೇವರು ಕಿವಿ ಕೇಳದ ಮಗಳನ್ನು ಕೊಟ್ಟ. ದೇವರಿಗೂ ಒಮ್ಮೊಮ್ಮೆ ತಮಾಷೆ ಮಾಡಬೇಕೆನಿಸುತ್ತದೋ ಏನೋ, ಕಷ್ಟ ಬಿದ್ದದ್ದು ಮಾತ್ರ ಆ ಮಗು.

ಅಮೂಲ್ಯಳಿಗೆ ಕ್ಯಾಂಪಿನಲ್ಲಿ ಕೊಟ್ಟ ಕಿವಿಯ ಮೆಷಿನ್ನು ಹಾಕಿದರೆ ಲಾರಿಯ ಹಾರನ್ನು ಕೇಳುತ್ತಿತ್ತು, ಅಮ್ಮನ ಮಾತು ಕೇಳುತ್ತಿರಲಿಲ್ಲ. ಹಾಗಂತ ಗುಡೇಮಾರನಹಳ್ಳಿಯ ಆ ಮನೆಯಲ್ಲಿ ಮಾತಿಗೇನೂ ಕೊರತೆ ಇರಲಿಲ್ಲ. ತಾತ ಸಿದ್ದಯ್ಯ ಇದ್ದನಲ್ಲ. ಮೊಮ್ಮಗಳು ತೊಟ್ಟಿಲಲ್ಲಿದ್ದಾಗಿನಿಂದ ಅವನು ಕೈಯಲ್ಲೇ ಹರಟುತ್ತಿದ್ದ. ತಲೆಯ ಮೇಲೆ ಎರಡು ಬೆರಳು ನಿಲ್ಲಿಸಿದರೆ ಎತ್ತು, ಮೀಸೆ ತಿರುವಿದರೆ ತಾತ, ಕೆನ್ನೆ ಉಬ್ಬಿಸಿದರೆ ಮುದ್ದೆ. ಸೊಸೆ ಭಾನುಪ್ರಿಯ ಕಲಿತಳು, ಜಯಕುಮಾರನೂ ಕಲಿತ. ಮಗು ನಡೆಯುವ ಹೊತ್ತಿಗೆ ಮನೆಯಲ್ಲಿ ಜಗಳ, ಚಾಡಿ, ಮುದ್ದು ಎಲ್ಲವೂ ಕೈಯಲ್ಲೇ ನಡೆಯುತ್ತಿತ್ತು.

ಕೆಟ್ಟದ್ದು ಮಾಗಡಿಯ ಒಂದು ಮದುವೆ ಊಟದಲ್ಲಿ. ಗಂಡಸರ ಸಾಲಿನಲ್ಲಿ ಅಪ್ಪನ ಪಕ್ಕ ಕೂತಿದ್ದ ಅಮೂಲ್ಯ, ಎದುರು ಸಾಲಿನಲ್ಲಿದ್ದ ಅಮ್ಮನಿಗೆ ಹೋಳಿಗೆ ಚೆನ್ನಾಗಿದೆ, ಇನ್ನೊಂದು ಹಾಕಿಸಿಕೋ ಎಂದು ಕೈ, ಕಣ್ಣು, ಹುಬ್ಬು ಎಲ್ಲ ಸೇರಿಸಿ ಹೇಳಿದಳು. ಬಡಿಸುವವರು ನಿಂತು ನೋಡಿದರು. ಒಬ್ಬ ಹುಡುಗ ಹಾಗೇ ಮಾಡಿ ತೋರಿಸಿದ. ಸಾಲು ನಕ್ಕಿತು. ನೆಂಟರ ಪೈಕಿ ಒಬ್ಬಳು, ಕರುಣೆಯಿಂದಲೇ ಇರಬೇಕು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಪಾಪ, ಮೂಗಿ ಕೂಸು. ಕೋತಿ ಆಡ್ದಂಗೆ ಆಡ್ತದೆ."

ಜಯಕುಮಾರನ ಮುಖ ಕಿವಿಯ ತನಕ ಕೆಂಪಾಯಿತು. ಮಗಳ ಎರಡೂ ಕೈಯನ್ನು ಎಲೆಯ ಪಕ್ಕಕ್ಕೆ ಒತ್ತಿ ಹಿಡಿದ. ಅಮೂಲ್ಯ ಏನಾಯಿತೆಂದು ತಿಳಿಯದೆ ಅಪ್ಪನ ಮುಖವನ್ನೇ ನೋಡಿದಳು. ಕೇಳಲು ಕೈ ಬೇಕಿತ್ತು, ಕೈ ಅವನ ಹತ್ತಿರ ಇತ್ತು.

ಮನೆಗೆ ಬಂದವನೇ ಜಯಕುಮಾರ ಅಪ್ಪನ ಹೆಗಲಿನಿಂದ ಟವಲ್ ಎಳೆದುಕೊಂಡ. ಸಿದ್ದಯ್ಯ ದನದ ದಲ್ಲಾಳಿ. ಕೆಂಗಲ್ ದನಗಳ ಜಾತ್ರೆಯಲ್ಲಿ ಎತ್ತಿನ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಮಾರುವವನ ಕೈಯೂ ದಲ್ಲಾಳಿಯ ಕೈಯೂ ಒಂದು ಟವಲ್ಲಿನ ಕೆಳಗೆ ಸೇರುತ್ತವೆ. ಯಾವ ಬೆರಳು ಹಿಡಿದ, ಎಲ್ಲಿ ಒತ್ತಿದ ಎಂಬುದರಲ್ಲೇ ವ್ಯಾಪಾರ ಮುಗಿಯುತ್ತದೆ. ಪಕ್ಕದಲ್ಲಿ ನಿಂತವನಿಗೆ ಕಾಣುವುದು ಟವಲ್ ಮಾತ್ರ.

"ಅಪ್ಪ, ಇವ್ಳಿಗೂ ಇದ್ನೇ ಕಲ್ಸು. ಜನ್ರ ಮುಂದೆ ಇನ್ ಯಾರೂ ಕೈ ಆಡುಸ್ಬ್ಯಾಡಿ. ಏನಿದ್ರೂ ಟವಲ್ ಕೆಳ್ಗೆ."

"ಅದು ರೇಟ್ ಮಾತಾಡಕ್ಕೆ ಕಣ್ಲಾ. ಪಕ್ದಾಗಿರೋನ್ಗೆ ಗೊತ್ತಾಗ್ಬಾರ್ದು ಅಂತ. ಕೂಸು ಯಾವ್ ಎತ್ತು ಮಾರ್ತದೆ?"

"ಊರೆಲ್ಲ ನಿನ್ ಮೊಮ್ಮಗ್ಳುನ್ನ ಕೋತಿ ಅಂತ ನಗೋದು ನಿಂಗ್ ಚೆಂದವಾ?"

ಸಿದ್ದಯ್ಯ ಹೂಂ ಅಂದ. ಹೂಂ ಅಂದದ್ದು ತಪ್ಪು ಎಂದು ಅವನಿಗೆ ಆಗಲೇ ಅನ್ನಿಸಿತ್ತು, ಆದರೆ ಮಗನ ಮುಖ ನೋಡಿ ಅವನಿಗೂ ನಾಚಿಕೆ ಅಂಟಿಕೊಂಡಿತು. ಮಾರನೆಯ ದಿನದಿಂದಲೇ ಪಾಠ ಶುರುವಾಯಿತು. ಅಂಗೈಯಲ್ಲಿ ಸುತ್ತು ಬರೆದರೆ ಊಟ. ಕಿರುಬೆರಳು ಎಳೆದರೆ ಒಂದಕ್ಕೆ ಹೋಗಬೇಕು. ಅಂಗೈಯನ್ನು ಅಂಗೈಯಿಂದ ಒತ್ತಿದರೆ ಸುಮ್ಮನಿರು. ಹೆಬ್ಬೆರಳಿನಿಂದ ಎರಡು ಸಲ ತಟ್ಟಿದರೆ, ಯಾರೂ ನೋಡುತ್ತಿಲ್ಲ, ಈಗ ಹೇಳು.

ಮಗು ಬೇಗ ಕಲಿತಿತು. ಬಾಗಿಲು ಹಾಕಿದ ಮನೆಯೊಳಗೆ ಕೈ ಆಡಿಸಿ ಹರಟುವ ಹುಡುಗಿ, ಹೊಸ್ತಿಲು ದಾಟಿದರೆ ಕೈ ಕಟ್ಟಿಕೊಳ್ಳುತ್ತಿದ್ದಳು. ಬಸ್ಸಿನಲ್ಲಿ, ಸಂತೆಯಲ್ಲಿ, ಕೆಂಗಲ್ ಆಂಜನೇಯನ ಗುಡಿಯ ಸಾಲಿನಲ್ಲಿ ಅಪ್ಪ ಮಗಳ ಮಾತೆಲ್ಲ ಟವಲ್ಲಿನ ಮರೆಯಲ್ಲಿ. ನೋಡಿದವರು, ಹೆಣ್ಣುಕೂಸಿಗೆ ಅಪ್ಪನ ಮೇಲೆ ಎಷ್ಟು ಪ್ರೀತಿ, ಕೈಯೇ ಬಿಡುವುದಿಲ್ಲ ಅಂದರು. ಜಯಕುಮಾರ ಹಿಗ್ಗಿದ. ಬೀಗಬೇಕಾದ್ದೇ, ಮಗಳ ಬಾಯಿ ಅಷ್ಟು ಚೆನ್ನಾಗಿ ಕಟ್ಟಿದ್ದ.

ಊರ ಶಾಲೆಯಲ್ಲಿ ಅಮೂಲ್ಯ ಹಿಂದಿನ ಬೆಂಚಿನಲ್ಲಿ ಕೂತು ಬೋರ್ಡಿನ ಅಕ್ಷರಗಳನ್ನು ರಂಗೋಲಿಯ ಹಾಗೆ ಅಂದವಾಗಿ ಬರೆದುಕೊಂಡು ಬರುತ್ತಿದ್ದಳು. ಒಂದಕ್ಕೂ ಅರ್ಥ ಗೊತ್ತಿಲ್ಲ. ಭಾನುಪ್ರಿಯ ಹಟ ಹಿಡಿದಳು. ರಾಮನಗರದಲ್ಲಿ ಕಿವಿ ಕೇಳದ ಮಕ್ಕಳ ಶಾಲೆಯೊಂದಿತ್ತು. ವಿಚಾರಿಸಿದರೆ, ಶಾಲೆಗೆ ಬರುವ ಮೊದಲು ಇಂಥ ಮಕ್ಕಳು ಮನೆಯಲ್ಲಿ ಹೇಗೆ ಮಾತಾಡುತ್ತಾರೆ ಎಂದು ಬೆಂಗಳೂರಿನ ಮಹೀನ್ ಎಂಬುವರು ಅಲ್ಲಿ ಸಂಶೋಧನೆ ಮಾಡುತ್ತಿದ್ದಾರೆ, ಮಗುವಿಗೆ ಎಷ್ಟು ಮಾತು ಬರುತ್ತದೆಂದು ಅವರು ನೋಡಿದ ಮೇಲೆ ಯಾವ ತರಗತಿ ಎಂದು ತೀರ್ಮಾನ ಅಂದರು. ವಿಡಿಯೋ ತೆಗೆಯುತ್ತಾರಂತೆ.

"ಆ ವಿಡಿಯೋನ ಯಾರ್ಯಾರ್ ನೋಡ್ತಾರೆ?" ಇದು ಜಯಕುಮಾರನ ಮೊದಲ ಪ್ರಶ್ನೆ.

"ಕೂಸು ಮಾತಾಡೋದ್ನ ನೋಡ್ತಾರೆ ಕಣ್ರೀ. ನೋಡ್ಲಿ ಬಿಡಿ," ಅಂದಳು ಭಾನುಪ್ರಿಯ. "ಅವ್ರ ಮುಂದೆ ಬಾಯ್ ಬಿಡ್ದಿದ್ರೆ ಬುದ್ಧಿ ಇಲ್ದ ಕೂಸು ಅಂತ ಬರ್ಕೋತಾರೆ."

ನಾಲ್ವರೂ ಬಸ್ಸು ಹತ್ತಿ ಹೋದರು. ಶಾಲೆಯ ಕೋಣೆಯಲ್ಲಿ ಬೇರೆ ತಂದೆ ತಾಯಂದಿರೂ ಕೂತಿದ್ದರು. ಮೂಲೆಯಲ್ಲಿ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ. ಮಹೀನ್ ಬಂದರು. ಇಸ್ತ್ರಿ ಮಾಡಿದ ಕಾಟನ್ ಚೂಡಿದಾರ, ಕುತ್ತಿಗೆಯಲ್ಲಿ ಐಡಿ ಕಾರ್ಡು. ಬಂದವರೇ ಬಾಯಿ ತೆರೆಯದೆ ಎರಡೂ ಕೈ ಎತ್ತಿ ಮಾತಾಡತೊಡಗಿದರು. ಪಕ್ಕದಲ್ಲಿ ನಿಂತ ಶ್ರುತಿ ಎಂಬ ಹುಡುಗಿ ಅದನ್ನು ಬಾಯಲ್ಲಿ ಹೇಳಿದಳು:

"ನಮಸ್ಕಾರ. ನನ್ನ ಹೆಸರು ಮಹೀನ್. ನನಗೂ ಕಿವಿ ಕೇಳುವುದಿಲ್ಲ."

ಜಯಕುಮಾರ ಶ್ರುತಿಯನ್ನೇ ನೋಡುತ್ತಾ ನಮಸ್ಕಾರ ಅಂದ. ಓದಿಕೊಂಡ ಹೆಂಗಸು, ಇಷ್ಟು ಜನರ ಮುಂದೆ, ಹುಬ್ಬು ಹಾರಿಸಿ, ತುಟಿ ಸೊಟ್ಟ ಮಾಡಿ, ಕೈ ಬೀಸಿ ಮಾತಾಡುವುದನ್ನು ನೇರ ನೋಡಲು ಅವನಿಗೇ ಮುಜುಗರ. ಆ ಮುಜುಗರಕ್ಕೆ ನಾಚಿಕೆಯೂ ಆಯಿತು, ಆದರೂ ಕಣ್ಣು ಏಳಲಿಲ್ಲ.

"ನನ್ನನ್ನು ನೋಡಿ ಮಾತಾಡಿ," ಅಂದಳು ಶ್ರುತಿ. ಹೇಳಿದ್ದು ಮಹೀನ್ ಎಂದು ಅವನಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು.

ಅಷ್ಟರಲ್ಲಿ ಅಮೂಲ್ಯ ಎದ್ದು ನಿಂತಿದ್ದಳು. ಮನೆಯ ಹೊರಗೆ, ಬಾಗಿಲು ತೆರೆದ ಕೋಣೆಯಲ್ಲಿ, ದೊಡ್ಡವರೊಬ್ಬರು ಕೈ ಆಡಿಸಿ ಮಾತಾಡುವುದನ್ನು ಅವಳು ನೋಡಿದ್ದೇ ಇಲ್ಲ. ಅವಳ ಕಣ್ಣು ಬಾಗಿಲಿಗೆ, ಕಿಟಕಿಗೆ, ಕೂತವರ ಮುಖಗಳಿಗೆ ಓಡಿತು. ತಾತನ ಹೆಗಲಿನಿಂದ ಟವಲ್ ಎಳೆದುಕೊಂಡು ಓಡಿಹೋಗಿ ಮಹೀನ್ ಅವರ ಎರಡೂ ಕೈಯ ಮೇಲೆ ಹಾಕಿದಳು. ಅಂಚು ಸರಿಯಾಗಿ ಎಳೆದು ಮುಚ್ಚಿದಳು. ಆಮೇಲೆ ತನ್ನ ಕೈಯನ್ನು ಒಳಗೆ ತೂರಿಸಿದಳು. ಸುಮ್ಮನಿರಿ ಎಂದು ಅವರ ಅಂಗೈ ಒತ್ತಿದ್ದಾಳೆಂದು ಮನೆಯವರಿಗೆ ಮಾತ್ರ ಗೊತ್ತಾಯಿತು.

ಮಹೀನ್ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಒಂದು ಕೈಯನ್ನು ಮಗುವಿಗೇ ಬಿಟ್ಟು ಇನ್ನೊಂದರಲ್ಲಿ ಕೇಳಿದರು.

"ಯಾಕೆ ಮುಚ್ಚಿದಳು?" ಅಂದಳು ಶ್ರುತಿ.

"ಆಟ ಆಡ್ತವ್ಳೆ ಮೇಡಂ," ಅಂದ ಜಯಕುಮಾರ, ನಗಲು ನೋಡಿದ.

ಸಿದ್ದಯ್ಯ ಗೋಡೆಗೆ ಒರಗಿದ್ದವನು ನೆಟ್ಟಗೆ ಕೂತ. "ಆಟ ಅಲ್ಲ ಕಣವ್ವ. ನಾವೇ ಕಲ್ಸಿದ್ದು. ಕೈ ಆಡುಸುದ್ರೆ ಜನ ನಗ್ತಾರೆ, ಮುಚ್ಕಂಡ್ ಮಾತಾಡು ಅಂತ. ಈಗ ನಿಮ್ನ ನೋಡಿ ಜನ ನಕ್ಬುಟ್ಟಾರು ಅಂತ ನಿಮ್ ಮಾನ ಕಾಯಕ್ಕೆ ಬಂದೈತೆ ಕೂಸು."

ಶ್ರುತಿಯ ಕೈ ಅರ್ಧದಲ್ಲಿ ನಿಂತಿತು. ಇದನ್ನು ಮಹೀನ್ ಮುಖಕ್ಕೆ ಹೇಗೆ ಹೇಳುವುದು ಎಂದು ಅವಳಿಗೆ ತೋಚದಿದ್ದದ್ದು ಎಲ್ಲರಿಗೂ ಕಂಡಿತು. ಕೊನೆಗೆ ಕೈಯಲ್ಲೇ ಹೇಳಿದಳು. ಜಯಕುಮಾರ ಇಷ್ಟು ದಿನ ತಾನು ಮಗಳ ಮರ್ಯಾದೆ ಕಾಯುತ್ತಿದ್ದೇನೆ ಅಂದುಕೊಂಡಿದ್ದ. ಕಾಯ್ದದ್ದು ತನ್ನದನ್ನು, ಅದೂ ಅವಳ ಕೈ ಕಟ್ಟಿ.

"ಇಲ್ಲಿ ಟವಲ್ ಬೇಡ ಎಂದು ಅವಳಿಗೆ ಹೇಳಿ," ಅಂದಳು ಶ್ರುತಿ, ಮಹೀನ್ ಕೈ ನೋಡುತ್ತಾ. "ನಾನು ಹೇಳಿದರೆ ನಂಬುವುದಿಲ್ಲ. ನೀವು ಹೇಳಬೇಕು."

ಭಾನುಪ್ರಿಯ ಗಂಡನ ಕಡೆ ನೋಡಿದಳು. ಜಯಕುಮಾರ ಕೈ ಎತ್ತಿದ. ಎದೆಯ ಮಟ್ಟಕ್ಕೆ ಬಂದ ಕೈ ಅಲ್ಲೇ ನಿಂತಿತು. ಅಕ್ಕಪಕ್ಕದವರ ಕಣ್ಣು ಚರ್ಮಕ್ಕೆ ತಾಗುತ್ತಿತ್ತು.

ಅಮೂಲ್ಯ ನೋಡಿದಳು. ಅಪ್ಪ ಪಾಪ, ಟವಲ್ ಇಲ್ಲದೆ ಒದ್ದಾಡುತ್ತಿದ್ದಾನೆ ಎಂದು ತಿಳಿದಳು. ಮಹೀನ್ ಕೈಯ ಮೇಲಿದ್ದ ಟವಲ್ ತೆಗೆದುಕೊಂಡು ಓಡಿ ಬಂದು ಅವನ ಕೈಯ ಮೇಲೆ ಹೊದಿಸಿ, ಅವನ ತೊಡೆಯ ಮೇಲಕ್ಕೆ ಇಳಿಸಿ, ತನ್ನ ಪುಟ್ಟ ಕೈಯನ್ನು ಒಳಗೆ ಸೇರಿಸಿದಳು. ಅವನ ಪರವಾಗಿ ಕೋಣೆಯ ಸುತ್ತ ಕಣ್ಣಾಡಿಸಿದಳು. ಆಮೇಲೆ ಹೆಬ್ಬೆರಳಿನಿಂದ ಅವನ ಅಂಗೈಯನ್ನು ಎರಡು ಸಲ ತಟ್ಟಿದಳು.

ಯಾರೂ ನೋಡುತ್ತಿಲ್ಲ, ಈಗ ಹೇಳು.

ಎಲ್ಲರೂ ನೋಡುತ್ತಿದ್ದರು. ಅದು ಅವಳಿಗೂ ಕಾಣುತ್ತಿತ್ತು. ಆದರೂ ಅಪ್ಪನಿಗೆ ಧೈರ್ಯ ಬರಲೆಂದು ಸುಳ್ಳು ಹೇಳಿದ್ದಳು.

ಜಯಕುಮಾರ ಟವಲ್ ಕಿತ್ತು ನೆಲಕ್ಕೆ ಹಾಕಿದ. ಎರಡೂ ಕೈ ಎತ್ತಿ, ಮನೆಯೊಳಗೆ ಆಡುವ ಹಾಗೆ, ಅದು ಬೇಡ, ನೀನು ಮಾತಾಡು ಅಂದ. ಕಣ್ಣಲ್ಲಿ ನೀರು ಬರುತ್ತಿತ್ತು, ಒರೆಸಿಕೊಂಡರೆ ಮಾತು ನಿಲ್ಲುತ್ತದೆಂದು ಒರೆಸಿಕೊಳ್ಳಲಿಲ್ಲ.

ಅಮೂಲ್ಯಳ ಮುಖ ಕಿವಿಯ ತನಕ ಕೆಂಪಾಯಿತು. ಅವಳು ಅಪ್ಪನ ಎರಡೂ ಕೈಯನ್ನು ಹಿಡಿದು ಕೆಳಕ್ಕೆ ಒತ್ತಿದಳು, ಸುತ್ತ ಕೂತವರನ್ನು ನೋಡಿ ತಲೆ ತಗ್ಗಿಸಿದಳು. ಜಯಕುಮಾರ ಆ ಮುಖವನ್ನು ಎಂದೂ ನೋಡಿರಲಿಲ್ಲ. ಅದು ಅವನದೇ ಮುಖ, ಅಂದು ಮದುವೆಯ ಎಲೆಯ ಮುಂದೆ ಕೂತು ಅದನ್ನು ನೋಡಿದ್ದವಳು ಅವಳು.

ಭಾನುಪ್ರಿಯ ಬಗ್ಗಿ ಟವಲ್ ಎತ್ತಿ ಮಡಿಚಿ ಬ್ಯಾಗಿನೊಳಗೆ ಹಾಕಿದಳು. ಜಯಕುಮಾರ ಮಗಳ ಹಿಡಿತದಿಂದ ಮೆಲ್ಲಗೆ ಕೈ ಬಿಡಿಸಿಕೊಂಡು, ಇನ್ನೊಂದು ಸಲ ಮೊದಲಿನಿಂದ ಹೇಳತೊಡಗಿದ.